ಎಷ್ಟು ಬಾಕ್ಸ್ ಹಿಡಿಯುತ್ತೆ?

"ಕೆಲಸ ಏನಾದ್ರೂ ಹೋಯ್ತೇನಪ್ಪಾ?"

ಅಮ್ಮ ಹೀಗೆ ಕೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಭಾನುವಾರದ ವಿಡಿಯೊ ಕಾಲ್. ಪಿಕಪ್ ಟ್ರಕ್ ತಗೊಳ್ಳೋಣ ಅಂತಿದ್ದೀವಿ ಎಂದು ನಾನು ಖುಷಿಯಿಂದ ಹೇಳಿದ್ದೆ, ಅಷ್ಟೇ. ಅಮ್ಮನ ಮುಖ ಬಾಡಿತು. ಪಿಕಪ್ ಅಂದರೆ ಅವಳಿಗೆ ಗೊತ್ತಿರುವುದು ನಮ್ಮೂರಿನ ಬೊಲೆರೊ. ಬೆಳಗಿನ ಜಾವ ಟೊಮೇಟೊ ಬಾಕ್ಸ್ ಹೇರಿಕೊಂಡು ಕೋಲಾರದ ಮಂಡಿಗೆ ಓಡುವ ಗಾಡಿ. ಇಂಜಿನಿಯರ್ ಮಗ ಲಗೇಜ್ ಗಾಡಿ ಕೊಳ್ತಾನೆ ಅಂದರೆ ಪಾಪ, ಅವಳು ಇನ್ನೇನು ತಿಳಿಯಬೇಕು?

ಕೆಲಸ ಇದೆಯಮ್ಮಾ, ಗಾಡಿ ಬೇಕಿರೋದು ಮೇಕೆಗೆ ಅಂದೆ. ಮಾತು ಇನ್ನೂ ಕೆಟ್ಟಿತು.

"ಮೇಕೆ ಸಾಕೋಕೆ ಅಮೆರಿಕಾಕ್ಕೆ ಹೋಗಬೇಕಿತ್ತಾ?"

ಮೇಕೆ ಮಗಳದು. ಟೆಕ್ಸಾಸಿನ ಹೈಸ್ಕೂಲುಗಳಲ್ಲಿ ಬೇಸಾಯವೂ ಒಂದು ಪಾಠ. ಎಫ್‌ಎಫ್‌ಎ ಎಂಬ ಮಕ್ಕಳ ಸಂಘಕ್ಕೆ ಸೇರಿದವರು ಮೇಕೆ, ಹಂದಿ, ಹೋರಿ ಸಾಕಿ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಪ್ರದರ್ಶನಕ್ಕೆ ಒಯ್ಯುತ್ತಾರೆ. ನನ್ನ ಮಗಳು ಬೋಯರ್ ತಳಿಯ ಮೇಕೆ ಹಿಡಿದಳು. ಶಾಲೆಯ ಕೊಟ್ಟಿಗೆಯಲ್ಲೇ ಅದರ ವಾಸ. ಆದರೆ ಮೇವಿನ ಮೂಟೆ, ಒಣಹುಲ್ಲಿನ ಪಿಂಡಿ ಎಲ್ಲಾ ಬರುತ್ತಿದ್ದದ್ದು ನಮ್ಮ ಕ್ಯಾಮ್ರಿಯ ಡಿಕ್ಕಿಯಲ್ಲಿ. ಆರು ತಿಂಗಳಲ್ಲಿ ಕಾರು ನಮ್ಮಜ್ಜಿ ಮನೆಯ ಹಿತ್ತಲಿನ ವಾಸನೆ ಹೊಡೆಯತೊಡಗಿತು. ನನಗೆ ಆ ವಾಸನೆಯ ಮೇಲೆ ತಕರಾರಿಲ್ಲ. ಹೆಂಡತಿಗೆ ಇತ್ತು.

ಹಾಗಾಗಿ ಟ್ರಕ್. ಇನ್ನು ಯಾವ ಟ್ರಕ್ ಅನ್ನೋದು. ಇಲ್ಲಿ ಇದು ಸಾಮಾನ್ಯ ಪ್ರಶ್ನೆಯಲ್ಲ. ಫೋರ್ಡ್ ಮನೆತನದವರು ಷೆವರ್ಲೆ ಮನೆತನದವರನ್ನು ಕಾಲೆಳೆಯುತ್ತಾರೆ, ಅವರು ಇವರನ್ನು. ಫೋರ್ಡ್ ಅನ್ನೋ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ 'ಫಿಕ್ಸ್ ಆರ್ ರಿಪೇರ್ ಡೈಲಿ', ಅಂದರೆ ದಿನಾ ರಿಪೇರಿ, ಅಂತ ಓದುವುದು ಹಳೇ ತಮಾಷೆ. ಎದುರಾಳಿ ಕಂಪನಿಯ ಲಾಂಛನದ ಮೇಲೆ ಒಬ್ಬ ಪೋರ ನಿಂತು ಉಚ್ಚೆ ಹೊಯ್ಯುವ ಸ್ಟಿಕ್ಕರ್ ಹಿಂದಿನ ಗಾಜಿಗೆ ಅಂಟಿಸಿಕೊಂಡು ಓಡಾಡುವವರೂ ಇದ್ದಾರೆ. ವಯಸ್ಸಾದವರು, ಮೊಮ್ಮಕ್ಕಳಿರುವವರು!

ಅಮೆರಿಕದಲ್ಲೇ ಅತಿ ಹೆಚ್ಚು ಪಿಕಪ್ ಮಾರಾಟವಾಗುವ ರಾಜ್ಯ ಟೆಕ್ಸಾಸ್. ಅದಕ್ಕೆ ಎಲ್ಲ ಕಂಪನಿಗಳೂ ಇಲ್ಲಿಗೆ ಬರುವಾಗ ಊರ ಹಬ್ಬಕ್ಕೆ ಬಂದ ನೆಂಟರ ಹಾಗೆ ಇಲ್ಲಿಯದೇ ಬಟ್ಟೆ ತೊಟ್ಟು ಬರುತ್ತವೆ. ಫೋರ್ಡಿನದು 'ಕಿಂಗ್ ರ‍್ಯಾಂಚ್', ದಕ್ಷಿಣ ಟೆಕ್ಸಾಸಿನ ದೊಡ್ಡ ದನದ ಜಮೀನಿನ ಹೆಸರು. ರ‍್ಯಾಮ್‌ನದು 'ಲೋನ್ ಸ್ಟಾರ್', ಟೆಕ್ಸಾಸಿನ ಬಾವುಟದ ಒಂಟಿ ನಕ್ಷತ್ರ. ಷೆವರ್ಲೆಯವರು ಸುಮ್ನೆ 'ಟೆಕ್ಸಾಸ್ ಎಡಿಷನ್' ಅಂತಲೇ ಬರೆದುಬಿಟ್ಟರು. ಟೊಯೊಟಾದವರದು '1794'. ಅವರ ಟಂಡ್ರಾ ತಯಾರಾಗುವ ಸ್ಯಾನ್ ಆಂಟೋನಿಯೊ ಕಾರ್ಖಾನೆ ಇರುವ ಜಾಗದಲ್ಲಿ ಹಿಂದೆ ಇದ್ದ ರ‍್ಯಾಂಚ್ ಶುರುವಾದ ವರ್ಷ ಅದು. ಜಪಾನಿನ ಕಂಪನಿಗೇ ಎಲ್ಲರಿಗಿಂತ ಹಳೇ ಟೆಕ್ಸಾಸ್ ನೆನಪು!

ನಾನು ಎಕ್ಸೆಲ್ ಶೀಟ್ ಮಾಡಿದೆ. ನಮ್ಮವರಿಗೆ ಅದಿಲ್ಲದೆ ತೆಂಗಿನಕಾಯಿ ಕೊಳ್ಳೋದಕ್ಕೂ ಆಗಲ್ಲ. 2015ರ ಮಾದರಿಯಿಂದ ಫೋರ್ಡಿನ ಎಫ್-150ರ ಮೈಯೆಲ್ಲ ಅಲ್ಯೂಮಿನಿಯಂ. ಷೆವರ್ಲೆಯ ಸಿಲ್ವರಾಡೊದ ಹಿಂದಿನ ತೊಟ್ಟಿ ಉಕ್ಕಿನದು. ಟಂಡ್ರಾದ ತೊಟ್ಟಿ 2022ರಿಂದ ಪ್ಲಾಸ್ಟಿಕ್ ಜಾತಿಯದು, ತುಕ್ಕು ಹಿಡಿಯಲ್ಲ. ರ‍್ಯಾಮ್‌ಗೆ ಹಿಂದೆ ಪಟ್ಟಿ ಬದಲು ಸುರುಳಿ ಸ್ಪ್ರಿಂಗು, ಕುಲುಕು ಕಡಿಮೆ. ಹದಿನೆಂಟು ಕಾಲಂ ಆಯಿತು.

ಟೊಯೊಟಾ ಷೋರೂಮಿನಲ್ಲಿ ತಮಾಷೆಗೆ, "ಹೈಲಕ್ಸ್ ಇದೆಯಾ?" ಅಂತ ಕೇಳಿದೆ. ಟೊಯೊಟಾದವರೇ ನಮ್ಮ ಬಿಡದಿಯಲ್ಲಿ ಜೋಡಿಸುವ ಪಿಕಪ್ ಅದು, ಇಷ್ಟು ದೊಡ್ಡದಲ್ಲ, ಮೇಕೆಗೆ ಸರಿಯಾದ ಅಳತೆ. ಇಲ್ಲಿ ಮಾರಲ್ಲ ಅಂದರು. ಮನೆಗೆ ಬಂದು ಓದಿದೆ. ಹೊರಗಿನಿಂದ ಬರುವ ಪಿಕಪ್‌ಗಳಿಗೆ 1964ರಿಂದ ನೂರಕ್ಕೆ 25 ಸುಂಕ. ಕಾರಣ ಕೋಳಿ! ಯುರೋಪಿನವರು ಅಮೆರಿಕದ ಕೋಳಿ ಮಾಂಸಕ್ಕೆ ಸುಂಕ ಏರಿಸಿದರು, ಆ ಸಿಟ್ಟಿಗೆ ಅಧ್ಯಕ್ಷ ಜಾನ್ಸನ್ ಟ್ರಕ್ಕಿಗೆ ಸುಂಕ ಜಡಿದರು. ಜೊತೆಗೆ ಬ್ರಾಂದಿಗೂ. ಬ್ರಾಂದಿಯ ಮೇಲಿನದು ಆಮೇಲೆ ಹೋಯಿತು, ಟ್ರಕ್ಕಿನದು ಉಳಿಯಿತು. ಕೋಳಿ ಜಗಳದಲ್ಲಿ ನನ್ನ ಮೇಕೆಗೆ ಗಾಡಿ ತಪ್ಪಿತು.

ಪಕ್ಕದ ಮನೆಯ ಹಿರಿಯರಿಗೆ ನನ್ನ ಶೀಟ್ ತೋರಿಸಿದ್ದು ನನ್ನದೇ ತಪ್ಪು. ಎಪ್ಪತ್ತು ದಾಟಿದವರು, ಮೂರು ಫೋರ್ಡ್ ಓಡಿಸಿ ಈಗ ನಾಲ್ಕನೆಯದರಲ್ಲಿರುವವರು. ಹದಿನೆಂಟು ಕಾಲಮನ್ನು ತಾಳ್ಮೆಯಿಂದ ಕೆಳಗಿನವರೆಗೂ ನೋಡಿದರು. ಕನ್ನಡಕ ತೆಗೆದರು.

"ಇದೆಲ್ಲಾ ಇರಲಿ. ನಿಮ್ಮ ತಂದೆ ಯಾವುದು ಓಡಿಸ್ತಿದ್ದರು?"

ಅವರ ಲೆಕ್ಕದಲ್ಲಿ ಅಲ್ಲಿಗೆ ಪ್ರಶ್ನೆ ಮುಗಿಯಿತು. ಅಪ್ಪ ಓಡಿಸಿದ್ದನ್ನು ಮಗ ಓಡಿಸುತ್ತಾನೆ. ಇದರಲ್ಲಿ ಶೀಟ್ ಏನು ಬಂತು?

ಯಾವುದೂ ಓಡಿಸುತ್ತಿರಲಿಲ್ಲ, ಹಿಂದೆ ಕೂತು ಬರುತ್ತಿದ್ದರು ಅಂದೆ.

ನಿಜ. ಅಪ್ಪ ಇವತ್ತಿನವರೆಗೆ ಸ್ಟೀರಿಂಗ್ ಮುಟ್ಟಿದವರಲ್ಲ. ರಾತ್ರಿ ಎರಡು ಗಂಟೆಗೆ ಗಾಡಿ ಹೊಲದ ಬದುವಿಗೆ ಬರುತ್ತಿತ್ತು. ಬ್ಯಾಟರಿ ಬೆಳಕಲ್ಲಿ ಬಾಕ್ಸ್ ಹೇರಿ, ಮೇಲೆ ಹಗ್ಗ ಬಿಗಿದು, ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಬಾಕ್ಸ್‌ಗಳ ಮೇಲೆ ಹತ್ತಿ ಕೂರುತ್ತಿದ್ದರು. ಒಂದೆರಡು ಸಲ ನಾನೂ ಹೋಗಿದ್ದೆ. ಟವೆಲಿನ ಇನ್ನೊಂದು ತುದಿ ನನಗೆ. ಮುಳಬಾಗಿಲಿನ ಕಡೆಯಿಂದ ಬರುವಾಗ ಹೊಡೆಯುವ ಗಾಳಿ, ಕೆಳಗಿನಿಂದ ಏರುವ ಟೊಮೇಟೊ ತೊಟ್ಟಿನ ಹಸಿ ವಾಸನೆ, ಅಂಗೈಯೆಲ್ಲ ಕರಿ ಹಸಿರು ಜಿಡ್ಡು. ಆ ಜಿಡ್ಡು ಸೋಪಿಗೆ ಹೋಗಲ್ಲ, ಟೊಮೇಟೊ ಹಿಸುಕಿಯೇ ತೊಳೆಯಬೇಕು.

ಮಂಡಿ ಹೊರಗಿನ ಟೀ ಅಂಗಡಿಯಲ್ಲೂ ಇದೇ ಜಗಳ ನಡೆಯುತ್ತಿತ್ತು ಅನ್ನೋದು ನನಗೆ ಈಗ ನೆನಪಾಗುತ್ತಿದೆ. 1980ರ ದಶಕದಲ್ಲಿ ನಾಲ್ಕು ಜಪಾನಿ ಹೆಸರುಗಳು ಒಟ್ಟೊಟ್ಟಿಗೆ ನಮ್ಮ ರಸ್ತೆಗೆ ಇಳಿದಿದ್ದವು. ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್. 1986ರಲ್ಲಿ ಟಾಟಾ 407 ಬಂತು. ನಾನು ಹುಡುಗನಾಗಿದ್ದಾಗಲೂ ಡ್ರೈವರುಗಳು ಮಜ್ದಾ ಪಕ್ಷ, 407 ಪಕ್ಷ ಅಂತ ಎರಡಾಗಿ ಕೂತು ವಾದ ಮಾಡುತ್ತಿದ್ದರು. ಒಬ್ಬ ಮಾತ್ರ, ಟೊಯೊಟಾ ಬಿಟ್ಟರೆ ಗಾಡಿಯೇ ಇಲ್ಲ ಅನ್ನುತ್ತಿದ್ದ. ಅವನನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಪ್ಪ ಯಾವ ಪಕ್ಷಕ್ಕೂ ಸೇರಿದವರಲ್ಲ. "ಗಾಡಿ ಯಾವುದಾದ್ರೇನು, ಡ್ರೈವರ್ ತೂಕಡಿಸಬಾರದು" ಅನ್ನುತ್ತಿದ್ದರು. ಬಾಡಿಗೆ ಮಾತಾಡುವ ಮೊದಲು ಡ್ರೈವರಿನ ಕಣ್ಣು ನೋಡುತ್ತಿದ್ದರು.

"ಹಿಂದೆಯಾ?" ಅಂತ ಪಕ್ಕದ ಮನೆಯವರು ಕೇಳಿದರು. "ನಾನೂ ಚಿಕ್ಕಂದಿನಲ್ಲಿ ಹತ್ತಿ ಹೊಲದಿಂದ ಹಾಗೇ ಬರ್ತಿದ್ದೆ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ, "ಅದು ಫೋರ್ಡ್" ಅಂತ ಸೇರಿಸಿದರು.

ಇಲ್ಲಿ ವಕೀಲರೂ ಪಿಕಪ್ ಓಡಿಸುತ್ತಾರೆ, ಹಲ್ಲಿನ ಡಾಕ್ಟರೂ ಓಡಿಸುತ್ತಾರೆ. ತೊಟ್ಟಿಯಲ್ಲಿ ಒಂದು ಹುಲ್ಲುಕಡ್ಡಿಯೂ ಬಿದ್ದಿರುವುದಿಲ್ಲ, ಅದು ಬೇರೆ ಮಾತು. ಸರಕಿನ ಗಾಡಿ ಅಂತ ಯಾರೂ ಮುಖ ತಿರುಗಿಸಲ್ಲ. ಎರಡು ವರ್ಷದ ಹಿಂದೆ ಅಪ್ಪ ಒಂದು ಟಾಟಾ ಏಸ್‌ನಲ್ಲಿ ಶ್ರೀನಿವಾಸಪುರದ ಮಾವಿನ ಹಣ್ಣು ಹಾಕಿಸಿಕೊಂಡು ಬೆಂಗಳೂರಿನ ತಂಗಿ ಮನೆಗೆ ಹೋಗಿದ್ದರು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಹಳದಿ ಬೋರ್ಡ್ ನೋಡಿ, ಹಿಂದಿನ ಗೇಟಿಗೆ ಹೋಗಿ ಅಂದನಂತೆ. ಗಾಡಿ ಹೋಗಲಿ, ಜೊತೆಗೆ ಅಪ್ಪನೂ ಹಿಂದಿನ ಗೇಟಿನಿಂದಲೇ, ಸರಕಿನ ಲಿಫ್ಟಿನಲ್ಲೇ ಹೋದರು. ಅಪ್ಪ ಅದನ್ನು ನಗುತ್ತಾ ಹೇಳಿದ್ದರು. ತಂಗಿ ಹೇಳುವಾಗ ನಗಲಿಲ್ಲ. ನಂಬರ್ ಪ್ಲೇಟಿನ ಬಣ್ಣ ನೋಡಿ ಮನುಷ್ಯನಿಗೆ ಬಾಗಿಲು ತೋರಿಸುವ ಊರಿನವನು ನಾನು. ಅಮ್ಮ ಗಾಬರಿಯಾಗಿದ್ದರಲ್ಲಿ ತಪ್ಪೇನಿದೆ?

ಕೊನೆಗೆ ತೀರ್ಮಾನ ಮಾಡಿದ್ದು ಶೀಟ್ ಅಲ್ಲ, ಹೆಂಡತಿ. "ಕ್ಯಾಮ್ರಿ ಹನ್ನೆರಡು ವರ್ಷದಲ್ಲಿ ಒಂದು ದಿನ ಕೈ ಕೊಟ್ಟಿಲ್ಲ. ಇನ್ನೇನು ನೋಡ್ತೀರಾ?" ನಮ್ಮ ಬೀದಿಯ ಕನ್ನಡದವರು, ತೆಲುಗಿನವರು, ಗುಜರಾತಿಗಳು ಎಲ್ಲರ ಮನೆ ಮುಂದೆಯೂ ಟೊಯೊಟಾ ಇಲ್ಲವೇ ಹೋಂಡಾ. ನಮ್ಮದೂ ಒಂದು ಮನೆತನ ಆಗಿಹೋಗಿದೆ, ನಮಗೇ ಗೊತ್ತಾಗಿಲ್ಲ. ಟಂಡ್ರಾ ತಂದೆವು. ಐವತ್ತು ಸಾವಿರ ಡಾಲರ್ ದಾಟಿತು, ಎಷ್ಟು ದಾಟಿತು ಅಂತ ಅಮ್ಮನಿಗೆ ಹೇಳಿಲ್ಲ, ನೀವೂ ಹೇಳಬೇಡಿ. ನಮ್ಮದು ಇದೇ ಟೆಕ್ಸಾಸಿನಲ್ಲಿ ತಯಾರಾಗಿದ್ದು, ನಿಮ್ಮದು ಮಿಚಿಗನ್ ಇಲ್ಲವೇ ಮಿಸೌರಿಯಿಂದ ಬಂದಿದ್ದು ಅಂತ ಪಕ್ಕದ ಮನೆಯವರಿಗೆ ಹೇಳಿ ನೋಡಿದೆ. ಹುಟ್ಟಿದ ಊರು ಬೇರೆ, ಮನೆತನ ಬೇರೆ ಅಂದರು.

ಗಾಡಿ ಬಂದ ದಿನ ಅಪ್ಪನಿಗೆ ವಿಡಿಯೊದಲ್ಲಿ ಸುತ್ತ ತೋರಿಸಿದೆ. 389 ಕುದುರೆ ಶಕ್ತಿ, ಎರಡು ಟರ್ಬೊ, ಬಿಸಿಯಾಗುವ ಸೀಟು. ಎಲ್ಲಕ್ಕೂ ಹ್ಞೂಂ ಅಂದರು. ಆಮೇಲೆ ಕೇಳಿದರು.

"ಎಷ್ಟು ಬಾಕ್ಸ್ ಹಿಡಿಯುತ್ತೆ?"

ಹದಿನೆಂಟು ಕಾಲಮಿನಲ್ಲಿ ಈ ಕಾಲಂ ಇರಲಿಲ್ಲ. ಮೂರು ಷೋರೂಮಿನಲ್ಲಿ ಯಾರೂ ಹೇಳಿಯೂ ಇರಲಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಒಳಚೌಕಟ್ಟಿನ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರೆ. ಬಗ್ಗಿ ಓದಿದೆ. ಜನರೂ ಸರಕೂ ಸೇರಿ 703 ಕೆಜಿ ಮೀರಬಾರದು.

"ಜನಾನೂ ಸೇರೀನಾ?" ಅಪ್ಪ ಮುಂದಕ್ಕೆ ಬಾಗಿದರು. "ನೀವು ಮೂರು ಜನ ಎಷ್ಟು ತೂಗ್ತೀರಿ?"

190 ಅಂದೆ. ಹೆಂಡತಿ ನನ್ನನ್ನು ನೋಡಿದಳು.

"ಬಾಕ್ಸ್‌ಗೆ ಹಣ್ಣು ಹದಿನೈದು, ಕ್ರೇಟ್ ಎರಡು. ಹದಿನೇಳು ಹಿಡಿ." ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ, "ಮೂವತ್ತು" ಅಂದರು. "ಮೂವತ್ತೇ ಬಾಕ್ಸಾ? ಹದಿನಾರು ಕುದುರೆ ಶಕ್ತಿಯ ಹಳೇ ಚೋಟಾ ಹಾಥಿ ಇದಕ್ಕಿಂತ ಜಾಸ್ತಿ ಹೇರ್ತಿತ್ತಲ್ಲೋ. ಬೊಲೆರೊದವನು ನೂರರ ಕೆಳಗೆ ಬಾಡಿಗೆಗೇ ಬರಲ್ಲ."

ಅಮ್ಮ ಹಿಂದಿನಿಂದ, ಪಾಪ ಹೊಸ ಗಾಡಿ, ಹಾಗನ್ನಬೇಡಿ ಅಂದಳು. ಅಪ್ಪ ನಕ್ಕು ಕೆಮ್ಮಿ ನೀರು ಕುಡಿದರು.

ಕಳೆದ ಶನಿವಾರ ಮೊದಲ ಸಲ ಮೇಕೆಯನ್ನು ಹಿಂದೆ ಪಂಜರದಲ್ಲಿ ಹತ್ತಿಸಿ ಕರೆದೊಯ್ದೆವು. ತೊಟ್ಟಿಯ ಬಾಗಿಲಿಳಿಸಿ, ಬೋನೆಟ್ ಫಳಫಳ ಹೊಳೆಯುವ ಹಾಗೆ ಓರೆಯಾಗಿ ನಿಂತು ಒಂದು ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿ ರಾತ್ರಿ ಹತ್ತಾಗಿತ್ತು. ಅಪ್ಪನದು ತಕ್ಷಣ ವಾಯ್ಸ್ ಮೆಸೇಜ್ ಬಂತು.

"ಮೇಕೆ ಚೆನ್ನಾಗೈತೆ. ಬೆನ್ನು ನೇರ ಐತೆ. ಎಷ್ಟು ಹಲ್ಲು?"

ನಮ್ಮೂರಲ್ಲಿ ಮೇಕೆಯ ವಯಸ್ಸು ಕೇಳುವುದು ಹೀಗೆ. ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ವಿಡಿಯೊ ಕಾಲ್ ಹಚ್ಚಿದಳು. ಪಂಜರದ ಸರಳಿನ ಸಂದಿಯಲ್ಲಿ ಕೈ ಹಾಕಿ, ಹೆಬ್ಬೆರಳಿನಿಂದ ಮೇಕೆಯ ಕೆಳತುಟಿ ಇಳಿಸಿ, ಫೋನ್ ಹತ್ತಿರ ಹಿಡಿದಳು.

"ನೋಡು ತಾತ, ಎಲ್ಲಾ ಹಾಲು ಹಲ್ಲು."