ಇನ್ನೂರು ರೂಪಾಯಿ, ಮತ್ತು ಪ್ರತಿ ವರ್ಷ ಅದನ್ನೇ ಕೇಳುವ ಒಂದು ಸಮಿತಿ

ವೃದ್ಧಾಪ್ಯ ಪಿಂಚಣಿ ತಡವಾದರೆ ನಮ್ಮ ಕಡೆ ಜನ ಬೈಯುವುದು ನಾಡಕಚೇರಿಯನ್ನು. ಸಿಟ್ಟು ಜಾಸ್ತಿಯಾದರೆ ಬೆಂಗಳೂರನ್ನು. ದೆಹಲಿಯನ್ನು ಬೈಯುವವರನ್ನು ನಾನಂತೂ ನೋಡಿಲ್ಲ. ಅಲ್ಲಿಂದ ಎಷ್ಟು ಬರುತ್ತದೆ ಅಂತ ಗೊತ್ತಿದ್ದರೆ ತಾನೇ ಬೈಯೋದು? ಇಂದಿರಾ ಗಾಂಧಿ ಹೆಸರಿನ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 80 ಆದ ಮೇಲೆ 500. ವಿಧವೆಯರಿಗೆ, ತೀವ್ರ ಅಂಗವಿಕಲರಿಗೆ 300. ಕರ್ನಾಟಕದಲ್ಲಿ ಈ ಯೋಜನೆಯಡಿ 65 ದಾಟಿದವರಿಗೆ 2021ರಲ್ಲಿ 1200 ರೂಪಾಯಿ ಮಾಡಿದರು. 80 ಆಗುವವರೆಗೆ ಅದರಲ್ಲಿ ಸಾವಿರ ರಾಜ್ಯದ್ದು. ಸಂಧ್ಯಾ ಸುರಕ್ಷಾ ಆದರೆ ಪೂರ್ತಿ ರಾಜ್ಯದ್ದೇ.

1995ರಲ್ಲಿ ಈ ಯೋಜನೆ ಶುರುವಾದಾಗ 75 ರೂಪಾಯಿ ಇತ್ತು. 2006ರ ಸುಮಾರಿಗೆ 200 ಆಯಿತು. ಆಮೇಲೆ ಸರ್ಕಾರ ಬದಲಾಯಿತು, ನೋಟು ಬದಲಾಯಿತು, 200 ಮಾತ್ರ ಅಲ್ಲೇ ಇದೆ.

ಇದನ್ನು ಯಾರೂ ಕೇಳಿಲ್ಲವಾ ಅಂದರೆ, ಕೇಳಿದ್ದಾರೆ. ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಕೇಳಿದೆ, ಒಂದು ಸಲ ಅಲ್ಲ, ಮತ್ತೆ ಮತ್ತೆ. ಇಂಥ 24 ಸಮಿತಿಗಳಿವೆ, ಒಂದೊಂದರಲ್ಲಿ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. 1993ರಲ್ಲಿ 17 ಸಮಿತಿಗಳೊಂದಿಗೆ ಈ ಪದ್ಧತಿ ಶುರುವಾಯಿತು. ಬಜೆಟ್ ಮಂಡನೆಯಾಗಿ ಸಾಮಾನ್ಯ ಚರ್ಚೆ ಮುಗಿದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಕೊಡುತ್ತಾರಲ್ಲ, ಅದು ಸಂಸದರು ಊರಿಗೆ ಹೋಗಲಿ ಅಂತ ಅಲ್ಲ, ಈ ಸಮಿತಿಗಳು ಕೂತು ಒಂದೊಂದು ಸಚಿವಾಲಯದ ಅನುದಾನ ಬೇಡಿಕೆಯನ್ನು, ಅಂದರೆ ಈ ವರ್ಷ ಇಷ್ಟು ಹಣ ಬೇಕು ಅನ್ನುವ ಲೆಕ್ಕವನ್ನು, ತಿರುವಿ ನೋಡಲಿ ಅಂತ. ಹೋದ ವರ್ಷ ಕೊಟ್ಟದ್ದು ಎಷ್ಟು, ಖರ್ಚಾದದ್ದು ಎಷ್ಟು, ಯಾಕೆ ಉಳಿಯಿತು, ಈ ಸಲ ಯಾಕೆ ಜಾಸ್ತಿ ಬೇಕು. ಕಾರ್ಯದರ್ಶಿಗಳು ಬಂದು ಉತ್ತರ ಕೊಡಬೇಕು. ಕ್ಯಾಮೆರಾ ಇರುವುದಿಲ್ಲ, ಪತ್ರಕರ್ತರಿಗೂ ಪ್ರವೇಶ ಇಲ್ಲ. ಮೊದಲು ನನಗೆ ಇದು ಸರಿ ಅನ್ನಿಸುತ್ತಿರಲಿಲ್ಲ. ಆದರೆ ವರದಿಗಳನ್ನು ಓದುತ್ತಾ ಹೋದರೆ, ಕ್ಯಾಮೆರಾ ಇಲ್ಲದ್ದಕ್ಕೇ ಇವರು ಮನುಷ್ಯರ ಹಾಗೆ ಮಾತಾಡಿದ್ದಾರೆ ಅನ್ನಿಸುತ್ತದೆ. ಆಳುವ ಪಕ್ಷದವರೂ ಕೂತು ಒಪ್ಪಿದ ವರದಿಯಲ್ಲಿ ತಮ್ಮದೇ ಸರ್ಕಾರದ ಪಿಂಚಣಿ ತೀರಾ ಕಮ್ಮಿ ಅನ್ನುವ ಮಾತು ಇರುತ್ತದೆ. ಸದನದಲ್ಲಿ ಇದು ಸಾಧ್ಯವಾ?

ಅಧ್ಯಕ್ಷರೂ ಒಬ್ಬರೇ ಅಲ್ಲ. ಶಿವಸೇನೆಯ ಪ್ರತಾಪರಾವ್ ಜಾಧವ್ ಇದ್ದಾಗಲೂ ಈ ಮೊತ್ತ ಹೆಚ್ಚಿಸಿ ಅಂದರು. ಡಿಎಂಕೆಯ ಕನಿಮೋಳಿ ಬಂದಾಗಲೂ ಅದೇ. 2024ರಿಂದ ಕಾಂಗ್ರೆಸ್ಸಿನ ಸಪ್ತಗಿರಿ ಉಲಕಾ, ಆಗಲೂ ಅದೇ. ಮೂರು ಪಕ್ಷ, ಒಂದೇ ಶಿಫಾರಸು.

ಉತ್ತರವೂ ಒಂದೇ, ಅದು ಬೇರೆ ಮಾತು. ಸಮಿತಿ ವರದಿ ಕೊಟ್ಟ ಮೂರು ತಿಂಗಳೊಳಗೆ ಸಚಿವಾಲಯ ತಾನೇನು ಮಾಡಿದೆ ಅಂತ ತಿಳಿಸಬೇಕು. ಅದನ್ನು ಇಟ್ಟುಕೊಂಡು ಸಮಿತಿ ಇನ್ನೊಂದು ವರದಿ ತರುತ್ತದೆ, ಕ್ರಮ ಕೈಗೊಂಡ ವರದಿ ಅಂತ. ನನ್ನ ಪ್ರಕಾರ ಸಂಸತ್ತಿನ ಕಾಗದಗಳಲ್ಲೆಲ್ಲ ಅತಿ ಪ್ರಾಮಾಣಿಕವಾದದ್ದು ಇದು. ಅದರಲ್ಲಿ ಸರ್ಕಾರ ಒಪ್ಪಿದ ಶಿಫಾರಸುಗಳು ಒಂದು ಅಧ್ಯಾಯ. ಉತ್ತರ ಕೇಳಿ ಸಮಿತಿಯೇ ಕೈಬಿಟ್ಟದ್ದು ಇನ್ನೊಂದು. ಮತ್ತೊಂದು, ಉತ್ತರ ನಮಗೆ ಒಪ್ಪಿಗೆಯಿಲ್ಲ ಅಂತ ಸಮಿತಿ ಹೇಳಿದವು. ಕೊನೆಯದು, ಅಂತಿಮ ಉತ್ತರ ಇನ್ನೂ ಬಾರದೇ ಇರುವವು. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಸೀದಾ ಆ ಒಪ್ಪಿಗೆಯಿಲ್ಲ ಅಂದ ಅಧ್ಯಾಯಕ್ಕೆ ಹೋಗಿ. ಜಗಳ ಇರುವುದೇ ಅಲ್ಲಿ.

ಪಿಂಚಣಿಯ ವಿಷಯಕ್ಕೆ ಸಚಿವಾಲಯ ಹೇಳುತ್ತಾ ಬಂದದ್ದು ಇಷ್ಟೇ: 2025-26ರವರೆಗೆ ಯೋಜನೆಯನ್ನು ಈಗ ಇರುವ ಹಾಗೆಯೇ ಮುಂದುವರಿಸಲು ಒಪ್ಪಿಗೆಯಾಗಿದೆ. ಸುಳ್ಳಲ್ಲ. ಆದರೆ ಕೇಳಿದ್ದಕ್ಕೆ ಇದು ಉತ್ತರವೂ ಅಲ್ಲ. ಹಾಗೆಯೇ ಮುಂದುವರಿಸಿದ್ದು ಯಾಕೆ ಅನ್ನೋದೇ ಪ್ರಶ್ನೆ ಅಲ್ವಾ? ಇಲ್ಲಿ ಇನ್ನೊಂದು ತೊಡಕೂ ಇದೆ. ಸಮಿತಿಯ ಮುಂದೆ ಕೂರುವುದು ಗ್ರಾಮೀಣಾಭಿವೃದ್ಧಿ ಕಾರ್ಯದರ್ಶಿ, ಗಂಟು ಇರುವುದು ಹಣಕಾಸು ಸಚಿವಾಲಯದ ಕೈಯಲ್ಲಿ. ಬೈಸಿಕೊಳ್ಳುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ಸಮಿತಿಯ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಬೇರೆ, ಬರೀ ಶಿಫಾರಸು.

ಹಣ ಎಷ್ಟು ಅಂತೀರಾ? ಈ ಎಲ್ಲ ಪಿಂಚಣಿಗಳನ್ನು ಒಳಗೊಂಡ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ 2024-25ರಲ್ಲಿ 9652 ಕೋಟಿ ರೂಪಾಯಿ ಇಟ್ಟರು. 2025-26ರಲ್ಲೂ 9652 ಕೋಟಿ. ಒಂದು ರೂಪಾಯಿ ಅತ್ತಿತ್ತ ಇಲ್ಲ. ಫಲಾನುಭವಿಗಳಿಗೂ ಮಿತಿ ಇದೆ, ದೇಶಕ್ಕೆಲ್ಲ ಸುಮಾರು 3.09 ಕೋಟಿ ಜನ. ಆ ಮಿತಿಯ ಲೆಕ್ಕ ಹಾಕಿದ್ದು 2001ರ ಜನಗಣತಿ ಇಟ್ಟುಕೊಂಡು. ಅಂದರೆ ಆಮೇಲೆ ಮುದುಕರಾದವರು ಒಳಗೆ ಬರಬೇಕಾದರೆ ಒಳಗಿದ್ದವರು ಯಾರಾದರೂ ಹೋಗಬೇಕು. ಕ್ರೂರವಾಗಿ ಹೇಳಿದೆ, ಆದರೆ ಇರುವುದೇ ಹಾಗೆ.

ನನಗೆ ನಿಜವಾಗಿ ಉರಿದದ್ದು ಬೇರೆ ವಿಷಯಕ್ಕೆ. ಸಂಸದರ ಸಂಬಳವನ್ನು ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆ ಸೂಚ್ಯಂಕದ ಪ್ರಕಾರ ಏರಿಸಬೇಕು ಅಂತ 2018ರಲ್ಲೇ ಕಾನೂನು ಆಯಿತು. ಅದರಂತೆ 2025ರ ಮಾರ್ಚ್‌ನಲ್ಲಿ ಸಂಬಳ ಒಂದು ಲಕ್ಷದಿಂದ 1.24 ಲಕ್ಷ ಆಯಿತು, 2023ರ ಏಪ್ರಿಲ್‌ನಿಂದಲೇ ಅನ್ವಯ. ಮಾಜಿ ಸಂಸದರ ಪಿಂಚಣಿ 25 ಸಾವಿರದಿಂದ 31 ಸಾವಿರ. ಸಂಸದರಿಗೆ ಕೊಡಬಾರದು ಅಂತ ನಾನು ಹೇಳುತ್ತಿಲ್ಲ, ಸೂಚ್ಯಂಕಕ್ಕೆ ಕಟ್ಟಿದ್ದು ಒಳ್ಳೆಯ ಪದ್ಧತಿಯೇ, ಪ್ರತಿ ಸಲ ತಮಗೆ ತಾವೇ ಏರಿಸಿಕೊಳ್ಳುವ ಮುಜುಗರ ತಪ್ಪಿತು. ಆದರೆ ಆ ಪದ್ಧತಿ ಗೊತ್ತಿರುವ ಸದನಕ್ಕೆ ಇನ್ನೂರು ರೂಪಾಯಿಯನ್ನೂ ಹಾಗೆ ಕಟ್ಟುವುದು ಹೊಳೆಯಲಿಲ್ಲವಾ?

ಖರ್ಚಾದ ಮೇಲಿನ ತಪಾಸಣೆಯ ಕಥೆ ಇನ್ನೊಂದು. 2023ರ ಆಗಸ್ಟ್‌ನಲ್ಲಿ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆಯ ವರದಿಗಳು ಸಂಸತ್ತಿಗೆ ಬಂದವು. ಪೇಪರಿನಲ್ಲೆಲ್ಲ ಆಯುಷ್ಮಾನ್ ಭಾರತ್‌ದೇ ಸುದ್ದಿ, ಯಾಕಂದರೆ ಅಲ್ಲಿ ಏಳೂವರೆ ಲಕ್ಷದಷ್ಟು ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರ್ ಇತ್ತು, ಹತ್ತೂ ಅಂಕಿ ಒಂಬತ್ತು! ಆ ಗದ್ದಲದಲ್ಲಿ ಪಿಂಚಣಿ ಯೋಜನೆಯ ವರದಿಗೆ ಅಷ್ಟು ಜಾಗ ಸಿಗಲಿಲ್ಲ. ಅದರಲ್ಲಿ ಇದ್ದದ್ದು ಏನು ಗೊತ್ತಾ? ಸಚಿವಾಲಯ ಪಿಂಚಣಿ ಯೋಜನೆಯ 2.83 ಕೋಟಿ ರೂಪಾಯಿಯನ್ನು ಬೇರೆ ಯೋಜನೆಗಳ ಪ್ರಚಾರಕ್ಕೆ, ಹೋರ್ಡಿಂಗ್ ಹಾಕಲು ಬಳಸಿತ್ತು. ಇನ್ನೂರರ ಲೆಕ್ಕದಲ್ಲಿ ಭಾಗಿಸಿ ನೋಡಿ, ಒಂದು ಲಕ್ಷದ ನಲವತ್ತು ಸಾವಿರಕ್ಕೂ ಜಾಸ್ತಿ ಜನರ ಒಂದು ತಿಂಗಳ ಪಿಂಚಣಿ.

ಇಷ್ಟೆಲ್ಲ ಆದ ಮೇಲೆ ಸದನದಲ್ಲಾದರೂ ಚರ್ಚೆ ಆಗಬೇಕಲ್ಲ. 2018ರಲ್ಲಿ, ಮತ್ತೆ 2023ರಲ್ಲಿ, ಗದ್ದಲದ ನಡುವೆ ಲೋಕಸಭೆ ಎಲ್ಲ ಸಚಿವಾಲಯಗಳ ಬೇಡಿಕೆಯನ್ನೂ ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸು ಮಾಡಿತು. ಗಿಲೊಟಿನ್ ಅಂತಾರೆ ಇದಕ್ಕೆ. ಗದ್ದಲ ಇಲ್ಲದ ವರ್ಷದಲ್ಲೂ ಚರ್ಚೆಗೆ ಸಿಗುವುದು ಕೆಲವೇ ಸಚಿವಾಲಯ, ಉಳಿದದ್ದೆಲ್ಲ ಗಿಲೊಟಿನ್‌ಗೆ. ಹಾಗಾಗಿ ಸಮಿತಿಯಿಂದ ಏನೂ ಪ್ರಯೋಜನ ಇಲ್ಲ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪ್ರಶ್ನೆ ಕೇಳಿದ ದಾಖಲೆ ಉಳಿದಿರುವುದೇ ಅಲ್ಲಿ. ಅದನ್ನು ಯಾರೂ ಓದುವುದಿಲ್ಲ ಅನ್ನೋದು ಸಚಿವಾಲಯಕ್ಕೂ ಗೊತ್ತು, ಅದಕ್ಕೇ ಹೋದ ವರ್ಷದ ಉತ್ತರವನ್ನೇ ಈ ವರ್ಷವೂ ಕಳಿಸಿದರೆ ನಡೆಯುತ್ತದೆ. ವರದಿಗಳು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇರುವುದೂ ನಮಗೆ ಒಂದು ಅಡ್ಡಿ.

2025-26ರವರೆಗೆ ಹೀಗೆಯೇ ಅಂದಿದ್ದರಲ್ಲ, ಆ ಗಡುವು 2026ರ ಮಾರ್ಚ್ 31ರದ್ದು. ಅಲ್ಲಿಂದಾಚೆಗೆ ಆ ಉತ್ತರ ನಡೆಯುವುದಿಲ್ಲ. ನಿಮ್ಮ ಸಂಸದರು ಯಾವ ಸ್ಥಾಯಿ ಸಮಿತಿಯಲ್ಲಿದ್ದಾರೆ ಅಂತ ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮುಂದಿನ ಸಲ ಅವರು ಊರಿಗೆ ಬಂದಾಗ ರಸ್ತೆ, ರೈಲಿನ ಜೊತೆಗೆ ಇದನ್ನೂ ಒಂದು ಮಾತು ಕೇಳಿ: ಸಮಿತಿಯಲ್ಲಿ ಕೂತು ಏನು ಕೇಳಿದಿರಿ, ಅದಕ್ಕೆ ಏನು ಉತ್ತರ ಬಂತು ಸಾರ್?