ಫ್ಲಿಂಟ್‌ನಲ್ಲಿ ಗವರ್ನರ್ ಕ್ರೇಪೊ ಅವರ ಜಾಡು

ಡೆಟ್ರಾಯ್ಟ್‌ನಿಂದ ವಾಯವ್ಯಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿರುವ ಫ್ಲಿಂಟ್ ನಗರಕ್ಕೆ ಹೆಚ್ಚಿನವರು ಮೋಟಾರು ಕಾರುಗಳ ಚರಿತ್ರೆಯನ್ನು ನೋಡಲು ಹೋಗುತ್ತಾರೆ. ನಾನು ಹೋದದ್ದು ಕಾರುಗಳಿಗೂ ಮೊದಲು ಆ ಊರನ್ನು ಸಾಕಿದ ಮರದ ವ್ಯಾಪಾರವನ್ನೂ, ಅದೇ ವ್ಯಾಪಾರದಿಂದ ಮಿಶಿಗನ್ ರಾಜ್ಯದ ಗವರ್ನರ್ ಪದವಿಗೇರಿದ ಹೆನ್ರಿ ಹೌಲೆಂಡ್ ಕ್ರೇಪೊ ಅವರ ಜಾಡನ್ನೂ ಅರಸಿಕೊಂಡು.

ಊರ ನಡುವಿನ ಫ್ಲಿಂಟ್ ನದಿಯ ಹೆಸರು ಕೇಳಿದೊಡನೆ ಇಂದು ನೆನಪಾಗುವುದು 2014ರ ಬಳಿಕ ನಲ್ಲಿನೀರಿನಲ್ಲಿ ಸೀಸ ಬೆರೆತ ದುರಂತ. ಆದರೆ ಒಂದೂವರೆ ಶತಮಾನದ ಹಿಂದೆ ಇದೇ ನೀರಿನ ಮೇಲೆ ಬಿಳಿ ಪೈನ್ ದಿಮ್ಮಿಗಳು ತೇಲಿ ಬಂದು ದಡದ ಮಿಲ್ಲುಗಳಲ್ಲಿ ಹಲಗೆಗಳಾಗುತ್ತಿದ್ದವು. ಕ್ರೇಪೊ ಈ ಕಾಡಿನ ಮಗನಲ್ಲ. 1804ರಲ್ಲಿ ಮ್ಯಾಸಚೂಸೆಟ್ಸ್‌ನ ಡಾರ್ಟ್‌ಮತ್‌ನಲ್ಲಿ ರೈತ ಕುಟುಂಬದಲ್ಲಿ ಹುಟ್ಟಿ, ಶಾಲಾ ಶಿಕ್ಷಕರಾಗಿ, ಭೂಮಾಪಕರಾಗಿ, ತಿಮಿಂಗಿಲ ಬೇಟೆಯ ಬಂದರಾದ ನ್ಯೂ ಬೆಡ್‌ಫರ್ಡ್‌ನಲ್ಲಿ ಪಟ್ಟಣದ ಲೆಕ್ಕಪತ್ರಗಳನ್ನು ನೋಡಿಕೊಂಡಿದ್ದವರು. ಅಳತೆಗೆ ಬೇಕಾದ ದಿಕ್ಸೂಚಿಯನ್ನು ಕೊಳ್ಳಲು ಹಣವಿಲ್ಲದೆ ಕುಲುಮೆಯಲ್ಲಿ ಕೂತು ತಾವೇ ಮಾಡಿಕೊಂಡರೆಂಬ ಸಂಗತಿ ನನಗೆ ಅವರ ಸ್ವಭಾವದ ಕೀಲಿಯಂತೆ ಕಾಣುತ್ತದೆ. ಲಪೀರ್ ಕೌಂಟಿಯ ಪೈನ್ ಕಾಡಿಗೆ ಬಂಡವಾಳ ಹೂಡಿ, ಅದನ್ನು ನೋಡಿಕೊಳ್ಳಲು ಅವರು ಇಲ್ಲಿಗೆ ಬಂದಾಗ ವಯಸ್ಸು ಐವತ್ತು ದಾಟಿತ್ತು.

ಬಂದ ಮೇಲೆ ನಡೆದದ್ದೆಲ್ಲ ಬಲುಬೇಗ: ನಗರದ ಮೇಯರ್, ರಾಜ್ಯ ಸೆನೆಟಿನ ಸದಸ್ಯ, 1865ರಿಂದ 1869ರ ಆರಂಭದವರೆಗೆ ಗವರ್ನರ್. ನಡುವೆ, 1864ರಲ್ಲಿ, ಹಲಗೆಗಳನ್ನು ಮಾರುಕಟ್ಟೆಗೆ ಮುಟ್ಟಿಸಲು ಫ್ಲಿಂಟ್‌ನಿಂದ ಹಾಲಿ ಎಂಬ ಊರಿನವರೆಗೆ ರೈಲುಮಾರ್ಗವನ್ನೂ ಹಾಕಿಸಿದರು. ರೈಲಿನ ಲಾಭವನ್ನು ಕಣ್ಣಾರೆ ಕಂಡ ಅದೇ ಮನುಷ್ಯ, ಊರುಗಳು ಸಾಲ ಎತ್ತಿ ಖಾಸಗಿ ರೈಲು ಕಂಪನಿಗಳಿಗೆ ನೆರವು ಕೊಡಲು ಅವಕಾಶ ನೀಡುವ ಮಸೂದೆಗಳು 1867ರಲ್ಲಿ ಮೇಜಿಗೆ ಬಂದಾಗ, ತೆರಿಗೆದಾರರ ಹೆಗಲ ಮೇಲೆ ಆ ಹೊರೆ ಬೀಳಬಾರದೆಂದು ಅವನ್ನು ತಿರಸ್ಕರಿಸಿ ಹಿಂದಿರುಗಿಸಿದರು. ಜನಕ್ಕೆ ರೈಲಿನ ಹುಚ್ಚು ಹಿಡಿದಿದ್ದ ಕಾಲದಲ್ಲಿ ಇದು ಸುಲಭದ ಮಾತಲ್ಲ. ಅವರ ಇಡೀ ಆಡಳಿತದಲ್ಲಿ ನಾನು ಅತ್ಯಂತ ಗೌರವಿಸುವುದು ಈ ದಿಟ್ಟತನವನ್ನೇ. 1870ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಥಾಮಸ್ ಕೂಲಿ ಬರೆದ ತೀರ್ಪಿನಲ್ಲಿ, ಇಂಥ ನೆರವು ಸಂವಿಧಾನಬದ್ಧವಲ್ಲವೆಂದು ಹೇಳಿತು. ಅದನ್ನು ಕೇಳಲು ಕ್ರೇಪೊ ಇರಲಿಲ್ಲ. 1869ರ ಜುಲೈನಲ್ಲೇ ತೀರಿಕೊಂಡಿದ್ದರು.

ಗ್ಲೆನ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯನ್ನು ನೋಡಿ, ವಾಟರ್ ಸ್ಟ್ರೀಟ್‌ನ ಡ್ಯುರಾಂಟ್-ಡಾರ್ಟ್ ಕುದುರೆಗಾಡಿ ಕಂಪನಿಯ ಹಳೆಯ ಕಚೇರಿಯತ್ತ ಹೊರಟೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿಲಿಯಂ ಡ್ಯುರಾಂಟ್ ಕ್ರೇಪೊ ಅವರ ಮಗಳ ಮಗ. ಶಾಲೆ ಬಿಟ್ಟು ಅಜ್ಜನ ಕುಟುಂಬದ ಮರದ ಡಿಪೋದಲ್ಲಿ ದುಡಿಮೆಗಿಳಿದ ಆ ಹುಡುಗನೇ ಮುಂದೆ, 1908ರಲ್ಲಿ, ಜನರಲ್ ಮೋಟರ್ಸ್ ಅನ್ನು ಸ್ಥಾಪಿಸಿದ.