ಎತ್ತನೆ ಪೇರ್?

ಮನೆಯಲ್ಲಿ ಎಷ್ಟು ಜನ? ನಮ್ಮ ಕೆಲಸದಲ್ಲಿ ಮೊದಲ ಪ್ರಶ್ನೆ ಇದೇ. ಬಾವಿ ಇರಲಿ, ಶೌಚಾಲಯ ಇರಲಿ, ತಲೆ ಲೆಕ್ಕ ಇಲ್ಲದೆ ಏನೂ ಶುರುವಾಗುವುದಿಲ್ಲ. ಸ್ಫಿಯರ್ ಅಂತ ಒಂದು ಕೈಪಿಡಿ ಇದೆ, ಪರಿಹಾರ ಕೆಲಸದವರೆಲ್ಲ ಅದನ್ನೇ ಹಿಡಿದುಕೊಂಡು ಓಡಾಡುತ್ತಾರೆ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 15 ಲೀಟರ್ ನೀರು ಬೇಕು. ತಲೆ ಎಣಿಸು, 15ರಿಂದ ಗುಣಿಸು. ಮೂರನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ.

2011ರಲ್ಲಿ, ಶ್ರೀಲಂಕಾದ ಮುಲ್ಲೈತೀವು ಜಿಲ್ಲೆಯಲ್ಲಿ, ಈ ಲೆಕ್ಕದಲ್ಲೇ ನಾನು ಎಡವಿದೆ.

ನಾನು ಹನೂರು ಕಡೆಯವಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ತಮಿಳು. ಆ ಅರ್ಧ ತಮಿಳನ್ನೇ ನಂಬಿಕೊಂಡು ಸಮುದ್ರ ದಾಟಿದ್ದೆ. ಹೋದ ಮೇಲೆ ಗೊತ್ತಾಯಿತು, ಅಲ್ಲಿಯ ತಮಿಳೇ ಬೇರೆ. 'ಹೌದು' ಅನ್ನುವುದಕ್ಕೆ ಅವರು 'ಓಂ' ಅನ್ನುತ್ತಾರೆ. ಮೊದಲ ದಿನ ಒಬ್ಬ ಅಜ್ಜನನ್ನು "ಈ ಬಾವಿ ನಿಮ್ಮದೇನಾ" ಅಂತ ಕೇಳಿದೆ. "ಓಂ ಓಂ" ಅಂದರು. ಜಪಕ್ಕೆ ಕೂತಿದ್ದಾರೇನೋ ಅಂತ ನಾನು ಸುಮ್ನೆ ನಿಂತುಬಿಟ್ಟೆ. ಜೊತೆಗಿದ್ದ ಬಟ್ಟಿಕಲೋವಾದ ಹುಡುಗ ವಾರವಿಡೀ ಇದನ್ನೇ ಹೇಳಿಕೊಂಡು ನಕ್ಕ.

'ಎತ್ತನೆ ಪೇರ್' ಮಾತ್ರ ನನಗೆ ಗೊತ್ತಿದ್ದ ಮಾತು. ಎಷ್ಟು ಜನ ಅಂತ ಅರ್ಥ. ಪೇರ್ ಅಂದರೆ ಹೆಸರು ಅಂತಲೂ ಹೌದು, ನಮ್ಮ ಹಳಗನ್ನಡದ 'ಪೆಸರ್' ಇದ್ದಹಾಗೆ.

ಊರಿನ ಹೆಸರು ಬೇಡ. ನಂದಿಕಡಲ್ ಅನ್ನುವ ಉಪ್ಪುನೀರಿನ ಹಿನ್ನೀರಿಗೆ ಹತ್ತಿರ. ಆ ಹಿನ್ನೀರಿಗೂ ಸಮುದ್ರಕ್ಕೂ ನಡುವೆ ಒಂದು ಮರಳಿನ ಪಟ್ಟಿ ಇದೆ. ಸೈನ್ಯಕ್ಕೂ ಎಲ್‌ಟಿಟಿಇಗೂ ನಡುವಿನ ಯುದ್ಧ ಮುಗಿದದ್ದು 2009ರ ಮೇ 18ರಂದು, ಅದರ ಕೊನೆಯ ತಿಂಗಳುಗಳಲ್ಲಿ ಲಕ್ಷಾಂತರ ಜನ ಅಲ್ಲಿಗೆ ಬಂದು ಸಿಕ್ಕಿಕೊಂಡಿದ್ದರು. ಕೊನೆಯ ಜಾಗ ಮುಳ್ಳಿವಾಯ್ಕಾಲ್. ಆ ಕೊನೆಯ ತಿಂಗಳುಗಳಲ್ಲಿ 40,000ದವರೆಗೂ ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಬರೆಯಿತು. ಶ್ರೀಲಂಕಾ ಸರ್ಕಾರ ಅದನ್ನು ಒಪ್ಪಲಿಲ್ಲ. ಉಳಿದವರಲ್ಲಿ ಹೆಚ್ಚಿನವರನ್ನು ವವುನಿಯಾ ಹತ್ತಿರದ ಮೆನಿಕ್ ಫಾರ್ಮ್ ಶಿಬಿರದಲ್ಲಿ ತಂತಿಬೇಲಿಯ ಒಳಗೆ ಇಟ್ಟಿದ್ದರು. ನಾವು ಹೋಗುವ ಹೊತ್ತಿಗೆ ಜನ ಗುಂಪುಗುಂಪಾಗಿ ಊರಿಗೆ ವಾಪಸ್ ಬರುತ್ತಿದ್ದರು. ಊರು ಅಂದರೆ ಏನು, ತಲೆ ಹಾರಿಹೋದ ತಾಳೆ ಮರಗಳು, ಗೋಡೆ ಮಾತ್ರ ನಿಂತ ಮನೆಗಳು, ಪಕ್ಕದಲ್ಲಿ ತಗಡು, ಟಾರ್ಪಾಲು. ಮತ್ತೆ ಬಾವಿಗಳು.

ಅಕ್ಕನ ಮನೆ ಅಂಥದ್ದೇ. ಎಲ್ಲರೂ ಅಕ್ಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು 'ಪಿಳ್ಳೈ' ಅನ್ನುತ್ತಿದ್ದರು, ಮಗೂ ಅನ್ನುವ ಹಾಗೆ. ಫಾರಂ ತೆಗೆದೆ, ಎತ್ತನೆ ಪೇರ್ ಅಂದೆ. "ನಾಲ್ಕು" ಅಂದರು. ನೋಡಿದರೆ ಅಕ್ಕ, ಅತ್ತೆ, ಒಬ್ಬ ಮಗಳು. ಮೂರು ಅಂತ ಬರೆದೆ. ಅವರಿಗೆ ಓದಲು ಬರುತ್ತದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೆರಳಿಟ್ಟು ತೋರಿಸಿದರು. "ಪಿಳ್ಳೈ, ನಾಲ್ಕು."

ಗಂಡ ಶೆಲ್ ಬಿದ್ದು ಸತ್ತಿದ್ದರು. ಅದನ್ನು ಅಕ್ಕ ಕಣ್ಣಾರೆ ನೋಡಿದ್ದರು. ಸೀರೆ ಹೊಲಿದು ಮರಳು ತುಂಬಿಸಿದ ಚೀಲಗಳಿಂದ ಕಟ್ಟಿದ ಬಂಕರ್ ಇತ್ತಲ್ಲ, ಅದರಲ್ಲೇ ಮಣ್ಣು ಮುಚ್ಚಿ ಮುಂದೆ ನಡೆದಿದ್ದರು. ಗಂಡನನ್ನು ಅವರು ಎಣಿಸಿರಲಿಲ್ಲ. ನಾಲ್ಕನೆಯವನು ಮಗ. ಆಗ ಹದಿನೇಳು ವರ್ಷ. ಆ ಮರಳಿನ ಪಟ್ಟಿಯಿಂದ ಹೊರಬರಲು ವಟ್ಟುವಾಕಲ್ ಸೇತುವೆ ದಾಟುವ ಜನಸಂದಣಿಯಲ್ಲಿ ಕೈ ತಪ್ಪಿದವನು.

ನಾಲ್ಕು ಅಂತ ತಿದ್ದಿದೆ. ಆರು ತಿಂಗಳ ಮೇಲೆ ಹಣ ಕೊಡುವವರ ಕಡೆಯಿಂದ ಒಬ್ಬರು ತಪಾಸಣೆಗೆ ಬಂದು, ಆ ಒಂದೇ ಊರಲ್ಲಿ ನಮ್ಮ ಪಟ್ಟಿಗೂ ಅವರ ತಲೆ ಎಣಿಕೆಗೂ 31 ಜನರ ವ್ಯತ್ಯಾಸ ಕಂಡುಹಿಡಿದರು. ನನ್ನಿಂದ ಲಿಖಿತ ವಿವರಣೆ ಕೇಳಿದರು. ಎಣಿಕೆಯಲ್ಲಿ ತಪ್ಪಾಗಿದೆ ಅಂತ ಬರೆದುಕೊಟ್ಟೆ. ಮತ್ತೇನು ಬರೆಯುವುದು? ಮನೆಗೆ 15 ಲೀಟರ್ ಜಾಸ್ತಿ, ಅಷ್ಟೇ ತಾನೇ.

ನಮಗೆ ಬಾವಿಗೆ ಒಪ್ಪಿಗೆ ಬೇಗ ಸಿಗುತ್ತಿತ್ತು. ಹೆಂಗಸರು ಒಂದು ಕಡೆ ಕೂತು ಮನಸ್ಸಿನದ್ದು ಹೇಳಿಕೊಳ್ಳಲಿ ಅಂತ ಒಂದು ಯೋಜನೆ ಬರೆದು ಕಳಿಸಿದರೆ ಫೈಲು ವಾಪಸ್ ಬಂತು. ಸತ್ತವರಿಗೆ ಅಂತ ಬಹಿರಂಗವಾಗಿ ದೀಪ ಹಚ್ಚುವುದೂ ಆಗ ಸುಲಭ ಇರಲಿಲ್ಲ. ಮೇ 18 ಬಂದರೆ ದ್ವೀಪದ ದಕ್ಷಿಣದಲ್ಲಿ ವಿಜಯೋತ್ಸವ, ಇಲ್ಲಿ ಬಾಗಿಲು ಹಾಕಿಕೊಂಡ ಮನೆಗಳು. ಕೊನೆಗೆ 'ಕೈ ತೊಳೆಯುವ ತರಬೇತಿ' ಅಂತ ಹೆಸರಿಟ್ಟೆವು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇಪ್ಪತ್ತು ನಿಮಿಷ ಸೋಪು, ಉಗುರು, ಬೆರಳ ಸಂದು. ಆಮೇಲೆ ಎರಡು ಗಂಟೆ ಎಲ್ಲರೂ ಹಾಗೇ ಕೂತಿರುತ್ತಿದ್ದರು. ಹಾಲಿಲ್ಲದ ಟೀ, ಕಚ್ಚಿಕೊಂಡು ಕುಡಿಯಲು ತಾಳೆ ಬೆಲ್ಲದ ಚೂರು. ಆ ಊರಿನವರಷ್ಟು ಚೆನ್ನಾಗಿ ಕೈ ತೊಳೆಯಲು ಕಲಿತವರು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಅಲ್ಲೇ ನಾನು ಇನ್ನೊಂದು ತಪ್ಪು ಮಾಡಿದ್ದು.

ಆಡಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಲ್ಲಿಯ ಶೈವರಲ್ಲಿ ತೀರಿಕೊಂಡ ಅಪ್ಪನಿಗೆ ಮಕ್ಕಳು ವ್ರತ ಹಿಡಿಯುವ ದಿನ ಅದು. ಅಮ್ಮನಿಗೆ ಚಿತ್ರಾ ಪೌರ್ಣಮಿ. ಅಕ್ಕನ ಗಂಡ ಸತ್ತ ದಿನ ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಂಕರ್‌ನಲ್ಲಿ ವಾರ, ತಾರೀಕು ಯಾರು ನೋಡುತ್ತಾರೆ? "ನಿಮ್ಮ ಕಡೆ ಹೀಗಾದರೆ ಏನು ಮಾಡುತ್ತಾರೆ ಪಿಳ್ಳೈ" ಅಂತ ಅಕ್ಕ ಕೇಳಿದರು. ನನಗೋ ಗೊತ್ತಿರುವ ಪ್ರಶ್ನೆ ಸಿಕ್ಕ ಖುಷಿ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದೆ ಅಕ್ಕಾ, ದಿನ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಅವತ್ತು ಎಲ್ಲರಿಗೂ ಸೇರಿಸಿ ಎಡೆ ಇಡುತ್ತೇವೆ ಅಂದೆ.

"ಎಲ್ಲರಿಗೂ ಅಂದರೆ ಯಾರಿಗೆ?"

ನನಗೆ ಬಾಯಿ ಬರಲಿಲ್ಲ. ಅಕ್ಕ ಎದ್ದು ಕೊಡ ತಗೊಂಡು ಹೋದರು. ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟು ಅಂತಲ್ಲ, ಎದುರು ಸಿಕ್ಕರೆ ನಗುತ್ತಿದ್ದರು. ಮಾತು ಮಾತ್ರ ಇಲ್ಲ.

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಾಣೆಯಾದವರ ಹೆಸರಲ್ಲಿ ಮರಣ ಪತ್ರ ಪಡೆಯಲು 2010ರಲ್ಲಿ ಒಂದು ಕಾನೂನು ಬಂದಿತ್ತು. ಪತ್ರ ಇದ್ದರೆ ಪರಿಹಾರ, ಜಮೀನು, ಬ್ಯಾಂಕು, ಎಲ್ಲ ಸಲೀಸು. ಆ ಅರ್ಜಿ ಅಕ್ಕನ ಮನೆಯಲ್ಲೂ ಇತ್ತು, ತಗಡಿನ ಸಂದಿಯಲ್ಲಿ ಮಡಚಿ ಸಿಕ್ಕಿಸಿದ್ದರು. ತುಂಬಿರಲಿಲ್ಲ. ಎಸೆದೂ ಇರಲಿಲ್ಲ. ಪಕ್ಕದ ಮನೆಯವಳ ಗಂಡ ಕಾಣೆಯಾದವನು, ಅವಳ ಹಣೆಯಲ್ಲಿ ದಿನಾ ಕುಂಕುಮ ಇರುತ್ತಿತ್ತು. ಅಕ್ಕನ ಹಣೆ ಬೋಳು. ಇಬ್ಬರೂ ಸೇದುತ್ತಿದ್ದುದು ಒಂದೇ ಬಾವಿಯ ನೀರು.

ಆ ಬಾವಿ ಶುಚಿ ಮಾಡಿದ ದಿನದ ಬಗ್ಗೆ ಹೇಳಬೇಕು. ಮೊದಲು ನೆಲದಲ್ಲಿ ಹುಗಿದಿಟ್ಟ ಮೈನ್ ತೆಗೆಯುವವರು ಬಂದು ಸುತ್ತ ನೋಡಿ ಹೋದರು. ಆಮೇಲೆ ನಮ್ಮ ಪಂಪು. ಸಮುದ್ರದ ಹತ್ತಿರದ ಬಾವಿಯನ್ನು ಒಂದೇ ಸಲ ಪೂರ್ತಿ ಬತ್ತಿಸಬಾರದು, ಅಡಿಯಿಂದ ಉಪ್ಪುನೀರು ಏರುತ್ತದೆ. 2004ರ ಸುನಾಮಿ ಆದಮೇಲೆ ಎಷ್ಟೋ ಬಾವಿಗಳನ್ನು ಹಾಗೆ ಪಂಪ್ ಮಾಡಿಯೇ ಕೆಡಿಸಿದ್ದರು. ಸ್ವಲ್ಪ ಎಳೆಯುವುದು, ನಿಲ್ಲಿಸುವುದು, ಉಪ್ಪು ಅಳೆಯುವುದು, ಮತ್ತೆ ಎಳೆಯುವುದು. ಹಾಗಾಗಿ ಇಡೀ ದಿನ ಹಿಡಿಯಿತು.

ಬೆಳಿಗ್ಗೆ ಎಂಟಕ್ಕೇ ಊರೆಲ್ಲ ಬಂದು ಸುತ್ತ ಕೂತಿತ್ತು. ನೀರು ನೋಡಲು ಬಂದಿದ್ದಾರೆ ಅಂದುಕೊಂಡೆ. ಹುಡುಗರು ಕೆಳಗಿಳಿದು ಹೂಳನ್ನು ಬಕೆಟ್ಟಿಗೆ ತುಂಬಿ ಕಳಿಸುತ್ತಿದ್ದರು. ಪ್ರತಿ ಬಕೆಟ್ಟು ಮೇಲೆ ಬಂದಾಗಲೂ ಎಲ್ಲರ ಕತ್ತು ಅದರ ಜೊತೆಗೇ ತಿರುಗುತ್ತಿತ್ತು. ಆಗ ಅರ್ಥವಾಯಿತು. ಒಂದು ತಟ್ಟೆ ಬಂತು. ಸೈಕಲ್ಲಿನ ಪೆಡಲ್ಲು ಬಂತು. ಮರಳು ತುಂಬಿದ ಸೀರೆ ಚೀಲ, ಕೊಳೆತಿತ್ತು, ಅಂಚಿನ ಕೆಂಪು ಮಾತ್ರ ಹಾಗೇ ಇತ್ತು. ಮಧ್ಯಾಹ್ನದ ಮೇಲೆ ಒಂದು ರಬ್ಬರ್ ಚಪ್ಪಲಿ ಬಂತು, ಎಡಗಾಲಿನದು. ಪಟ್ಟಿ ಕಿತ್ತುಹೋದ ಜಾಗದಲ್ಲಿ ಪಿನ್ನು ಚುಚ್ಚಿತ್ತು. ಯಾರೋ ತೊಳೆದರು. ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಿರುಗಿಸಿ ಪಿನ್ನು ನೋಡಿ ಪಕ್ಕದವರಿಗೆ ಕೊಟ್ಟರು. ಅಕ್ಕ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಂಡರು, ತಮ್ಮ ಅಂಗೈಗೆ ಹಿಡಿದು ಅಳೆದರು. ಆಮೇಲೆ ಅವರೂ ಕೊಟ್ಟರು. ಯಾರದ್ದೂ ಅಲ್ಲ. ಸಂಜೆ ಬ್ಲೀಚಿಂಗ್ ಪೌಡರ್ ಹಾಕಿ ಮುಗಿಸುವಾಗ ಅದು ಅಲ್ಲೇ ತಾಳೆ ಮರದ ಬುಡದಲ್ಲಿ ಇತ್ತು. ಬಹಳ ದಿನ ಅಲ್ಲೇ ಇತ್ತು.

ಅವತ್ತು ರಾತ್ರಿ ಅಕ್ಕ ನನ್ನ ಜೊತೆ ಮತ್ತೆ ಮಾತು ಶುರು ಮಾಡಿದರು. ವಟ್ಟಾಪ್ಪಳೈ ಅಮ್ಮನ ಜಾತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ಅಲ್ಲಿ ಕಣ್ಣಗಿಯ ಗುಡಿ ಇದೆ. ತಮಿಳಿನ ಶಿಲಪ್ಪದಿಕಾರಂ ಕಥೆಯವಳು, ಗಂಡನನ್ನು ಅನ್ಯಾಯವಾಗಿ ಕೊಂದರು ಅಂತ ಮಧುರೆಯನ್ನೇ ಸುಟ್ಟವಳು. ಸುಟ್ಟ ಮೇಲೆ ನಂದಿಕಡಲ್ ದಡಕ್ಕೆ ಬಂದು ಕೂತಳಂತೆ. ಜಾತ್ರೆಯಲ್ಲಿ ಎಣ್ಣೆ ಬದಲು ಸಮುದ್ರದ ನೀರು ಹಾಕಿ ದೀಪ ಉರಿಸುತ್ತಾರೆ. ಉಪ್ಪುನೀರಿನಲ್ಲಿ ದೀಪ ಹೇಗೆ ಉರಿಯುತ್ತದೆ ಅಂತ ನನ್ನೊಳಗಿನ ಇಂಜಿನಿಯರ್ ಕೇಳಿದಳು. ಜಾತ್ರೆಯ ದಿನ ನೂಕುನುಗ್ಗಲಿನಲ್ಲಿ ನಿಂತು ನೋಡುವಾಗ ಆ ಪ್ರಶ್ನೆ ಮರೆತೇಹೋಗಿತ್ತು. ಅಕ್ಕನ ಬಾಯಿ ಆಡುತ್ತಿತ್ತು, ಏನಂತ ಕೇಳಿಸಲಿಲ್ಲ.

ಕೊನೆಗೆ ಬಾವಿಕಟ್ಟೆ. ಹಳೆಯದು ಒಡೆದಿತ್ತು, ಹೊಸದಾಗಿ ಕಟ್ಟಿದೆವು. ಮುಂದೆ ಹಣ ಕೊಟ್ಟವರ ಲಾಂಛನದ ಫಲಕ, ಅದು ಕಡ್ಡಾಯ. ಗಾರೆ ಇನ್ನೂ ಹಸಿ ಇರುವಾಗ ಅಕ್ಕ ಮೇಸ್ತ್ರಿಯ ಹತ್ತಿರ ಒಂದು ಮೊಳೆ ಕೇಳಿದರು. ಕಟ್ಟೆಯ ಒಳಮೈ ಕಡೆ ಬಗ್ಗಿದರು. ನೀರು ಸೇದಲು ಬಗ್ಗಿದವರಿಗಷ್ಟೇ ಕಾಣುವ ಜಾಗ. ಮಗನ ಹೆಸರು ಬರೆದರು, ನಾಲ್ಕಕ್ಷರ. ಬರೆದು ನನ್ನ ಕಡೆ ನೋಡಿ, "ಬಂದಾಗ ತನ್ನ ಮನೆ ಬಾವಿ ಯಾವುದು ಅಂತ ಗೊತ್ತಾಗಬೇಕಲ್ಲ" ಅಂದರು.

ಮಾರನೆಯ ದಿನ ಪಕ್ಕದ ಮನೆಯವಳೂ ಮೊಳೆ ಕೇಳಿಕೊಂಡು ಬಂದಳು. ಗಾರೆ ಗಟ್ಟಿಯಾಗಿತ್ತು. ಮೇಸ್ತ್ರಿ ಏನೂ ಹೇಳದೆ ಒಂದು ಬಾಂಡಲಿ ಗಾರೆ ಹೊಸದಾಗಿ ಕಲಸಿದ.

ವರದಿಗೆ ಫೋಟೊ ಬೇಕಿತ್ತು. ಫಲಕ ಕಾಣುವ ಹಾಗೆ ಮುಂದಿನಿಂದ ತೆಗೆದೆ.